ಮಾವನ ತೊಡೆಯ ಕಬ್ಬಿಣ

ನನ್ನ ಸೋದರಮಾವನ ತೊಡೆಯೊಳಗೆ ಶತ್ರುದೇಶದ ಕಬ್ಬಿಣ ಇದೆ ಎಂದರೆ ನೀವು ನಂಬುತ್ತೀರಾ? ನಂಬಬೇಡಿ, ನನಗೇನೂ ಬೇಜಾರಿಲ್ಲ. ಅವನ ಸ್ವಂತ ಅಕ್ಕನ ಮಗಳಾದ ನಾನೇ ಎಷ್ಟೋ ವರ್ಷ ನಂಬಿರಲಿಲ್ಲ! ಅಂಕೋಲೆಯ ಪೇಟೆಯಲ್ಲಂತೂ ಮಾವನ ಮಾತನ್ನು ನಂಬುವವರು ಇಲ್ಲವೇ ಇಲ್ಲ. ಕೇಳುವವರು ಮಾತ್ರ ಬೇಕಾದಷ್ಟು ಜನ. ಅವನು ಚಹಾದಂಗಡಿಯ ಬೆಂಚಿನ ಮೇಲೆ ಕೂತನೆಂದರೆ ಬಸ್ಸು ತಪ್ಪಿದರೂ ಚಿಂತೆಯಿಲ್ಲ ಎಂದು ಜನ ಸುತ್ತ ಸೇರುತ್ತಾರೆ.

ಎಂತೆಂಥ ಕತೆಗಳು ಅಂತೀರಿ! ಚಿತ್ತಾಕುಲದ ಹತ್ತಿರ ಕಾಳಿ ನದಿ ಸಮುದ್ರ ಸೇರುವಲ್ಲಿ ಮಾವನ ಗಾಳಕ್ಕೆ ಬಿದ್ದ ಇಸ್ವಾಣ ಮೀನು ದೋಣಿಯನ್ನೇ ಗೋವೆಯ ಗಡಿಯವರೆಗೆ ಎಳೆದುಕೊಂಡು ಹೋಗಿತ್ತಂತೆ. ಮಿಲಿಟರಿಯಲ್ಲಿದ್ದಾಗ ಹಿಮದ ಮೇಲೆ ಒಲೆ ಹೂಡಿ ಬಂಗಡೆ ಸಾರು ಕುದಿಸಿದಾಗ ಅದರ ವಾಸನೆಗೆ ಆಚೆ ಕಡೆಯ ಸೈನಿಕರು ಗುಂಡು ಹಾರಿಸುವುದನ್ನು ನಿಲ್ಲಿಸಿದ್ದರಂತೆ. ಇನ್ನು ಹಿಲ್ಲೂರಿನ ಕಾಡಿನ ಕರಡಿ! ಮಾವ ರಜೆಯ ಮೇಲೆ ಬಂದವನು ಮಿಲಿಟರಿ ಪ್ಯಾಂಟು ಹಾಕಿಕೊಂಡು ಕಟ್ಟಿಗೆ ತರಲು ಹೋದಾಗ ಕರಡಿ ಎದುರಿಗೆ ಬಂದು, ಎರಡು ಕಾಲ ಮೇಲೆ ನಿಂತು, ಸೆಲ್ಯೂಟ್ ಹೊಡೆಯಿತಂತೆ.

“ಯಾವ ಕೈಯಲ್ಲಿ ಹೊಡೀತು ಮಾವ?” ಎಂದು ನಾನು ಕೇಳಿದೆ. ಸಿಕ್ಕಿಬೀಳುತ್ತಾನೆ ಎಂದುಕೊಂಡಿದ್ದೆ.

“ಬಲಗೈಲಿ. ಎಡಗೈಲಿ ಹೊಡೆದ್ರೆ ನಾ ಸುಮ್ನೆ ಬಿಡ್ತಿದ್ನಾ?” ಎಂದ ಮಾವ.

ಇಂಥವನು ತನ್ನ ತೊಡೆಯಲ್ಲಿ ಯುದ್ಧದ ಕಬ್ಬಿಣ ಇದೆ ಎಂದರೆ ಯಾರು ನಂಬಬೇಕು ಹೇಳಿ? ಅದೂ ಸಾಲದೆಂದು ಆ ಕಬ್ಬಿಣ ಅವನಿಗೆ ಹವಾಮಾನ ಬೇರೆ ತಿಳಿಸುತ್ತಿತ್ತು. “ಇವತ್ತು ಮಳೆ ಬತ್ತದೆ, ಕಬ್ಬಿಣ ಹೇಳ್ತು” ಎನ್ನುತ್ತಿದ್ದ, ಆಷಾಢದಲ್ಲಿ! ಆಷಾಢದಲ್ಲಿ ಅಂಕೋಲೆಯಲ್ಲಿ ಮಳೆ ಬರುತ್ತದೆ ಎನ್ನಲು ಕಬ್ಬಿಣ ಯಾಕೆ ಬೇಕು? ಇನ್ನೊಂದು ಅನುಮಾನವೂ ನಮಗಿತ್ತು. ನನ್ನ ಅಜ್ಜಿ, ಅಂದರೆ ಮಾವ ‘ಆಯಿ’ ಎಂದು ಕರೆಯುತ್ತಿದ್ದ ಅವನ ತಾಯಿ, ಬದುಕಿದ್ದಾಗ ಈ ಕಬ್ಬಿಣದ ಸುದ್ದಿಯೇ ಇರಲಿಲ್ಲ. ಆಗೆಲ್ಲ ಮಾವ ಮಿಲಿಟರಿಯಲ್ಲಿ ಹಳ್ಳದಲ್ಲಿ ಸ್ನಾನ ಮಾಡುವಾಗ ಒದ್ದೆ ಬಂಡೆಯ ಮೇಲೆ ಜಾರಿಬಿದ್ದಿದ್ದ, ಅದಕ್ಕೇ ಸ್ವಲ್ಪ ಕುಂಟುತ್ತಾನೆ, ಅಷ್ಟೇ. ಅಜ್ಜಿ ತೀರಿಕೊಂಡ ಮೇಲೆ ಬಂಡೆ ಮಾಯವಾಗಿ ಬಾಂಬು ಬಂತು!

ಮಾವನ ಮಾನ ಹೋದದ್ದು ಮಾವನಿಂದಲೇ. ಒಂದು ದಿನ ಹುರುಪಿನಲ್ಲಿ ತನ್ನ ಮಿಲಿಟರಿಯ ದಾಖಲೆಯನ್ನು ಚಹಾದಂಗಡಿಗೆ ತಂದು, ಅಲ್ಲಿದ್ದ ನಿವೃತ್ತ ಹೆಡ್‌ಮಾಸ್ತರರ ಕೈಗೆ ಕೊಟ್ಟು, “ದೊಡ್ಡಕ್ಕೆ ಓದಿ ಮಾಸ್ತರ್ರೆ, ಎಲ್ರೂ ಕೇಳ್ಲಿ” ಎಂದ. ಮಾವನಿಗೆ ಓದಲು ಬಾರದ ಇಂಗ್ಲಿಷಿನಲ್ಲಿದ್ದುದನ್ನು ಮಾಸ್ತರರು ತರಗತಿಯ ಗತ್ತಿನಲ್ಲಿ ಕನ್ನಡ ಮಾಡುತ್ತಾ ಹೋದರು. ಒಳ್ಳೆಯ ನಡತೆ, ಭೇಷ್. ಯುದ್ಧದಲ್ಲಿ ಭಾಗವಹಿಸಿದ್ದಾರೆ, ಭೇಷ್. ಗಾಯ: ಒದ್ದೆ ಬಂಡೆಯ ಮೇಲೆ ಜಾರಿ ಬಿದ್ದದ್ದು!

ಅಂಗಡಿಯಲ್ಲಿ ಯಾರ ಕೈಯ ಗ್ಲಾಸೂ ನೆಟ್ಟಗೆ ನಿಲ್ಲಲಿಲ್ಲವಂತೆ. ಸಂಜೆಯೊಳಗೆ ಮಾವನಿಗೆ ‘ಜಾರಿದ ಮಿಲಿಟರಿ’ ಎಂಬ ಬಿರುದು ಬಂತು. ಮೀನುಪೇಟೆಗೆ ಹೋದರೆ ಹೆಂಗಸರು ಬುಟ್ಟಿಯ ಹಿಂದಿನಿಂದಲೇ, “ಮಿಲಿಟರೀ, ಇಲ್ಲಿ ನೀರು ಚೆಲ್ಲಿದೆ, ಸಾವಕಾಶ ಬನ್ನಿ!” ಎನ್ನುತ್ತಿದ್ದರು.

ಮಾವ ನಗುತ್ತಲೇ ಇದ್ದ. ಆದರೆ ಆ ವರ್ಷ ಆಗಸ್ಟ್ ಹದಿನೈದಕ್ಕೆ ಮಾವನ ಊರಾದ ಭಾವಿಕೇರಿಯ ಶಾಲೆಯಲ್ಲಿ ಧ್ವಜ ಹಾರಿಸುವಾಗ ಮಾಜಿ ಸೈನಿಕರ ಸಾಲಿನಲ್ಲಿ ಅವನು ಕಾಣಲಿಲ್ಲ. ಪ್ರತಿವರ್ಷ ಇಸ್ತ್ರಿ ಮಾಡಿದ ಅಂಗಿಯಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುತ್ತಿದ್ದವನು! ಮನೆಗೆ ಹೋಗಿ ಕೇಳಿದರೆ ಕಾಲುನೋವು ಎಂದ. ಸುಳ್ಳುಗಾರ ಎನ್ನಿಸಿಕೊಂಡು ಅವನು ಎಷ್ಟೋ ವರ್ಷ ಸುಖವಾಗಿದ್ದ. ಅಪಹಾಸ್ಯದ ಸೈನಿಕ ಎನ್ನಿಸಿಕೊಳ್ಳುವುದು ಅವನಿಗೆ ಆಗುತ್ತಿರಲಿಲ್ಲ.

ಕಾಲುನೋವು ನಿಜವೇ ಇರಬಹುದೆಂದು ಕಾರವಾರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಕ್ಸ್‌ರೇ ಮಾಡಿಸಿದೆ. ಪ್ರಾಯದ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, “ಅಜ್ಜಾರೆ, ತೊಡೆಯಲ್ಲಿ ಇದೆಂತ ಕಬ್ಬಿಣದ ಚೂರು?” ಎಂದು ಕೇಳಿಯೇಬಿಟ್ಟರು!

ಮಾವ ಕುರ್ಚಿಯಿಂದ ಎದ್ದು ನಿಂತ. ಡಾಕ್ಟರರಿಗೆ ಸೆಲ್ಯೂಟ್ ಹೊಡೆದ. ನಂತರ ನನ್ನ ಕಡೆ ತಿರುಗಿ, “ಕೇಳ್ಸ್ತೇನೇ ತಂಗೀ? ಓದಿದವ್ರೇ ಹೇಳ್ದ್ರು” ಎಂದ. ಔಷಧಿಯ ಚೀಟಿಯನ್ನು ಅಲ್ಲೇ ಬಿಟ್ಟು ಎಕ್ಸ್‌ರೇ ಮಾತ್ರ ಎದೆಗವಚಿಕೊಂಡು ಹೊರಬಿದ್ದ.

ಮುಂದಿನ ಕೆಲವು ದಿನ ಅಂಕೋಲೆಯಲ್ಲಿ ಆ ಎಕ್ಸ್‌ರೇ ನೋಡದವರು ಯಾರೂ ಉಳಿಯಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬಿಸಿಲಿಗೆ ಹಿಡಿದು ತೋರಿಸಿದ. ಕ್ಷೌರದಂಗಡಿಯಲ್ಲಿ ಕನ್ನಡಿಗೆ ಸಿಕ್ಕಿಸಿದ. ಕ್ಷೌರಕ್ಕೆ ಕೂತವರು ತಮ್ಮ ಮುಖದ ಬದಲು ಮಾವನ ತೊಡೆಯ ಮೂಳೆ ನೋಡುತ್ತಾ ಕೂರಬೇಕಾಯಿತು! ಅತ್ತೆಗೆ ತಡೆಯಲಾಗಲಿಲ್ಲ.

“ತೊಡೆ ತೋರಿಸ್ಕಂಡು ಪೇಟೆ ತುಂಬಾ ತಿರಗ್ತಾರಾ? ಸ್ವಲ್ಪನೂ ನಾಚಿಕೆ ಇಲ್ವಾ ನಿಮಗೆ?”

“ತೊಡೆ ಎಲ್ಲಿ ತೋರಿಸ್ದೆ? ಬರೀ ಮೂಳೆ ತೋರಿಸ್ದೆ” ಎಂದ ಮಾವ.

ಆದರೆ ಪೇಟೆ ಅಷ್ಟಕ್ಕೆಲ್ಲ ಸೋಲುತ್ತದೆಯೇ? ಮೀನುಪೇಟೆಯಲ್ಲೊಬ್ಬಳು ಫಿಲ್ಮನ್ನು ತಲೆಕೆಳಗು ಹಿಡಿದು, “ಇದು ಮೀನಿನ ಮುಳ್ಳಲ್ವಾ?” ಎಂದಳು. ದೋಣಿ ರಿಪೇರಿಯವನೊಬ್ಬ, “ನಮ್ಮ ದೋಣಿಯ ಮೊಳೆ ಇದ್ದಾಂಗೆ ಕಾಣ್ತದೆ. ಅದರ ಮೇಲೆ ಕೂತಿದ್ರೇನೋ” ಎಂದ. ಮಾವ ಎಕ್ಸ್‌ರೇ ಸುತ್ತಿ ಕಂಕುಳಲ್ಲಿಟ್ಟುಕೊಂಡು ನೇರ ನನ್ನ ಮನೆಗೆ ಬಂದ.

“ಕಾಗದ್ದಲ್ಲೇ ತಿದ್ದಿಸ್ತೆ. ಯುದ್ಧದಲ್ಲಿ ಗಾಯ ಆದವ್ರಿಗೆ ಒಂದು ಪದಕ ಕೊಡ್ತ್ರು. ಅದು ನಂಗೆ ಬರ್ಬೇಕಾಗಿತ್ತು. ಬರೀ ಅರ್ಜಿ” ಎಂದ.

ಬ್ಯಾಂಕಿನಲ್ಲಿ ಕೆಲಸ ಮಾಡುವವಳು ಎಂಬ ಒಂದೇ ಕಾರಣಕ್ಕೆ ನಾನು ಅವನ ಸೇನಾ ಕಾರ್ಯದರ್ಶಿಯಾದೆ. ಮಾವ ಕಣ್ಣು ಮುಚ್ಚಿ ಹೇಳತೊಡಗಿದ. “ಮಾನ್ಯರೇ, ಆ ದಿನ ಆಕಾಶ ಕೆಂಪಾಗಿತ್ತು. ಹಕ್ಕಿಗಳು ಕೂಗೂದು ನಿಲ್ಸಿದ್ವು. ನನ್ನ ಎಡಗಣ್ಣು ಹಾರ್ತಿತ್ತು...” ಹೀಗೆ ಒಂದು ಗಂಟೆ. ನಾನು ಬರೆದದ್ದು ಒಂದೇ ಸಾಲು: ಸಿಡಿಗುಂಡಿನ ಚೂರು ತಗುಲಿ ಬಲತೊಡೆಗೆ ಗಾಯವಾಯಿತು.

ಓದಿಸಿ ಕೇಳಿದ ಮಾವ, “ಆಕಾಶ ಎಲ್ಲೋತು?” ಎಂದ.

“ಅವರಿಗೆ ಆಕಾಶ ಬೇಡ ಮಾವ.”

“ಆಕಾಶ ಇಲ್ದೇ ಯುದ್ಧ ಆತದೇನೇ?”

ಕೊನೆಗೆ ಎಡಗಣ್ಣನ್ನು ಬಿಟ್ಟು ಆಕಾಶವನ್ನು ಉಳಿಸಿಕೊಳ್ಳುವುದೆಂದು ರಾಜಿಯಾಯಿತು. ಅರ್ಜಿ ಹೋಯಿತು, ಉತ್ತರವೂ ಬಂತು. ಪ್ರತ್ಯಕ್ಷ ಕಂಡವರಿದ್ದರೆ ಅವರ ಹೇಳಿಕೆ ಬೇಕು ಎಂದಿದ್ದರು. ಮಾವನ ಜೊತೆಗಿದ್ದವನೊಬ್ಬ ಗೋಕಾಕದ ಕಡೆ ಇದ್ದಾನೆಂದು ಹುಡುಕಿ ಫೋನು ಹಚ್ಚಿದೆವು. ಇಬ್ಬರಿಗೂ ಕಿವಿ ಮಂದ. ಭಾವಿಕೇರಿಯಿಂದ ಗೋಕಾಕಕ್ಕೆ ಫೋನೇ ಇಲ್ಲದೆ ಕೇಳಿಸುವಷ್ಟು ಕೂಗಾಡಿದರು.

“ಆಂವಾ? ಆಂವನ್ನ ನಾನs ಹೊತ್ಕೊಂಡ ಹೋಗೇನ್ರೀ!” ಎಂದು ಫೋನಿನಾಚೆಯ ಅಜ್ಜ ನನಗೆ ಹೇಳಿದ. “ತೊಡಿಯಿಂದ ರಕ್ತಾ ಸುರೀತಿತ್ತು, ನನ್ನ ಹೆಗಲ ಮ್ಯಾಲೆ ಬಿದ್ಕೊಂಡs ಮೀನಿನ ಕತಿ ಹೇಳಾಕತ್ತಿದ್ದ ಮಗಾ! ಬಾಯಿ ಮುಚ್ಚೋ ಅಂದ್ರ ಮುಚ್ಚಲಿಲ್ಲ!”

ಅದನ್ನು ಕೇಳಿದ ಮೇಲೆ ನನಗೆ ಸಂಶಯವೇ ಉಳಿಯಲಿಲ್ಲ. ಅದು ಮಾವನೇ, ಬೇರೆ ಯಾರೂ ಆಗಿರಲು ಸಾಧ್ಯವಿಲ್ಲ!

ಗೋಕಾಕದ ಅಜ್ಜನ ಹೇಳಿಕೆಯನ್ನೂ ಎಕ್ಸ್‌ರೇಯನ್ನೂ ಹಿಡಿದು ಕಾರವಾರದ ಸೈನಿಕ ಕಲ್ಯಾಣ ಕಚೇರಿಗೆ ಹೋದೆವು. ಅಲ್ಲಿದ್ದ ಅಧಿಕಾರಿ ತಾವೂ ಸೇನೆಯಲ್ಲಿದ್ದು ಬಂದವರು, ಮೈಸೂರಿನ ಕಡೆಯವರು, ಮೆತ್ತಗಿನ ಮಾತಿನವರು. ಎಲ್ಲ ನೋಡಿದರು. ಆಮೇಲೆ ಕೇಳಬೇಕಾದದ್ದನ್ನೇ ಕೇಳಿದರು.

“ಎಲ್ಲ ಸರಿಯಿದೆ ಯಜಮಾನ್ರೇ. ಆದರೆ ಆಸ್ಪತ್ರೆಯಲ್ಲಿ ಜಾರಿಬಿದ್ದೆ ಅಂತ ನೀವೇ ಹೇಳಿದ್ದೀರಲ್ಲ, ಯಾಕೆ?”

ಮಾವ ಕುಡಿಯಲು ನೀರು ಕೇಳಿದ. ಕತೆ ಹೇಳುವ ಮೊದಲು ಅವನು ನೀರು ಕೇಳಿದ್ದನ್ನು ನಾನು ನೋಡಿಯೇ ಇರಲಿಲ್ಲ.

“ಮನೆಗೆ ತಾರು ಹೋಗ್ಬಾರ್ದಾಗಿತ್ತು ಸಾಹೇಬ್ರೆ. ಯುದ್ಧದ ಗಾಯ ಅಂದ್ರೆ ತಾರು ಹೋತಿತ್ತು. ಅಲ್ಲಿ ಕೈಕಾಲು ಹೋದವ್ರೇ ರಾಶಿ ಬಿದ್ದಿದ್ರು, ನನ್ನ ತೊಡೆ ಯಾರು ನೋಡ್ತ್ರು? ಜಾರಿಬಿದ್ದೆ ಅಂದೆ, ಒಪ್ಕಂಡ್ರು. ಬಾಯಲ್ಲಿ ಹೇಳಿದ್ದು ಬಾಯಲ್ಲೇ ಹೋತದೆ ಅಂದ್ಕಂಡಿದ್ದೆ.”

“ಟೆಲಿಗ್ರಾಮಿನಲ್ಲಿ ಸ್ವಲ್ಪ ಗಾಯ ಅಂತಲೇ ಇರುತ್ತಿತ್ತಲ್ಲ?”

“ಅದಕ್ಕೇ ಸಾಹೇಬ್ರೆ! ನಮ್ಮ ಬದಿಗೆ ಸ್ವಲ್ಪ ಅಂದ್ರೆ ಮುಗೀತು ಅಂತ್ಲೇ!”

ಅಧಿಕಾರಿಗಳಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ. ನಮ್ಮ ಕರಾವಳಿಯಲ್ಲಿ ಸತ್ತ ಸುದ್ದಿಯನ್ನು ಸತ್ತರೆಂದು ಯಾರೂ ಹೇಳುವುದಿಲ್ಲ. ‘ಸ್ವಲ್ಪ ಹುಷಾರಿಲ್ಲ, ಬಂದು ಹೋಗಿ’ ಎಂದರೆ ಮನೆಯವರು ಅಳುತ್ತಲೇ ಬಸ್ಸು ಹತ್ತುತ್ತಾರೆ. ‘ಸ್ವಲ್ಪ ಸೀರಿಯಸ್’ ಎಂದರೆ ಊರಿನವರು ಕಟ್ಟಿಗೆ ಹೊಂದಿಸುತ್ತಾರೆ. ಹಾಗಾಗಿ ನಿಜವಾಗಿಯೂ ಸ್ವಲ್ಪ ಹುಷಾರಿಲ್ಲದವರ ಪಾಡು ಯಾರಿಗೂ ಬೇಡ! ನನ್ನ ಚಿಕ್ಕಪ್ಪನೊಬ್ಬ ಹುಬ್ಬಳ್ಳಿಯಲ್ಲಿ ಸ್ವಲ್ಪ ಜ್ವರ ಬಂದಿದೆ ಎಂದು ತಿಳಿಸಿದ್ದ, ಮರುದಿನ ಬಾಗಿಲು ತೆಗೆದಾಗ ಇಡೀ ಬಳಗ ಎದೆ ಬಡಿದುಕೊಳ್ಳುತ್ತಾ ನಿಂತಿತ್ತು. ಪಾಪ, ಎಲ್ಲರಿಗೂ ಅವನೇ ಚಹಾ ಮಾಡಿಕೊಟ್ಟ.

ಅಧಿಕಾರಿಗಳು ಜೋರಾಗಿ ನಕ್ಕರು. ಮಾವ ನಗಲಿಲ್ಲ.

“ನಮ್ಮ ಅಪ್ಪ ದೋಣಿ ಮಗುಚಿ ಹೋದಾಗ ಜನ ಅಂಗಳಕ್ಕೆ ಬಂದು, ‘ಸ್ವಲ್ಪ ನೀರು ಕುಡ್ದಿದಾನೆ, ಬಾ’ ಅಂದ್ರು. ಆಯಿ ಒಣ ಪಂಜಿ ತಕಂಡು ಓಡಿದ್ಲು ಸಾಹೇಬ್ರೆ. ತಲೆ ಒರೆಸೂಕೆ. ಆ ಮನೆಗೆ ಇನ್ನೊಂದು ಸ್ವಲ್ಪ ಕಳಿಸೂಕೆ ನಂಗೆ ಧೈರ್ಯ ಆಗ್ಲಿಲ್ಲ.”

ಅಧಿಕಾರಿಗಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೀವು ಹೇಳಿದ್ದನ್ನೆಲ್ಲ ಹಾಗೇ ಬರೆದು ಕಳಿಸುತ್ತೇನೆ” ಎಂದರು. ಇರುವೆಯನ್ನು ಆನೆ ಮಾಡುತ್ತಿದ್ದ ನನ್ನ ಮಾವ ಜೀವಮಾನದಲ್ಲಿ ಒಂದನ್ನು ಮಾತ್ರ ಚಿಕ್ಕದು ಮಾಡಿ ಹೇಳಿದ್ದ, ಅದೂ ತನ್ನ ರಕ್ತವನ್ನು! ನನಗೆ ಅವನ ಮೇಲೆ ಎಂದೂ ಇಲ್ಲದ ಹೆಮ್ಮೆ ಬಂತು.

ದಾಖಲೆ ತಿದ್ದಿಯಾಯಿತು! ಪದಕ ಬಂತು! ಕಾರವಾರದಲ್ಲಿ ನಡೆದ ಸಮಾರಂಭಕ್ಕೆ ಅಂಕೋಲೆಯಿಂದ ಟೆಂಪೋ ತುಂಬಾ ಜನ. ನೀರು ಚೆಲ್ಲಿದೆ ಎಂದು ಹಂಗಿಸಿದ್ದ ಮೀನುಪೇಟೆಯ ಹೆಂಗಸರೇ ಅಬ್ಬಲಿಗೆಯ ಮಾಲೆ ಕಟ್ಟಿ ತಂದಿದ್ದರು. ಎದೆಗೆ ಪದಕ ಚುಚ್ಚಿದಾಗ ಮಾವ ಹೊಡೆದ ಸೆಲ್ಯೂಟಿಗೆ ಸಭಾಂಗಣದ ಕಿಟಕಿಗಳು ಅದುರಿದವು. ನಾನೂ ಅವನದೇ ರಕ್ತ, ಕ್ಷಮಿಸಿ! ಮರುದಿನ ಚಹಾದಂಗಡಿಯಲ್ಲಿ ಹೆಡ್‌ಮಾಸ್ತರರು ಹೊಸ ಆದೇಶವನ್ನು ಎದ್ದುನಿಂತು ಓದಿದರು, ಜನ ಮತ್ತೊಮ್ಮೆ ಓದಿಸಿದರು. ಈಗ ಬಂದಿರುವ ತೊಂದರೆಯೇ ಬೇರೆ. ಜನ ಎಲ್ಲವನ್ನೂ ನಂಬತೊಡಗಿದ್ದಾರೆ! ಹಿಲ್ಲೂರಿನಿಂದ ಬಂದವನೊಬ್ಬ ಕರಡಿ ನಿಂತ ಜಾಗ ಯಾವುದೆಂದು ವಿನಯದಿಂದ ಕೇಳಿಕೊಂಡು ಹೋದ.

ಆದರೆ ಸಮಾರಂಭ ಮುಗಿಸಿ ಕಾರವಾರದಿಂದ ಮರಳುವಾಗ ನಡೆದದ್ದನ್ನು ನಾನಿನ್ನೂ ಹೇಳಿಲ್ಲ. ಕಾರು ನಾನು ಓಡಿಸುತ್ತಿದ್ದೆ. ಪಕ್ಕದಲ್ಲಿ ಪದಕ ಹಾಕಿಕೊಂಡ ಮಾವ, ಹಿಂದೆ ಮಾಲೆಗಳ ನಡುವೆ ಅತ್ತೆ. ಬಲಗಡೆ ಸಮುದ್ರ ಕಾಣುವ ತಿರುವು ಬಂದಾಗ ಮಾವ ಇದ್ದಕ್ಕಿದ್ದಂತೆ ಹೇಳಿದ.

“ಕಾಗದ್ದಲ್ಲಿ ತಿದ್ದಿ ಆಯ್ತು. ಆಯಿಗೆ ಯಾರು ತಿದ್ದಿ ಹೇಳ್ತ್ರು?”

ಅವನು ಏನು ಹೇಳುತ್ತಿದ್ದಾನೆಂದು ನನಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ನಾನೂ ನೋಡಿದ್ದೇನೆ. ಮಗ ಜಾರಿಬೀಳುವವನು ಎಂದು ಅಜ್ಜಿ ಬಾವಿಕಟ್ಟೆಯ ಬಚ್ಚಲುಕಲ್ಲನ್ನು ದಿನಾ ಬೆಳಿಗ್ಗೆ ಬೂದಿ ಹಾಕಿ, ತೆಂಗಿನ ಕತ್ತದಿಂದ ಗಸಗಸ ತಿಕ್ಕುತ್ತಿದ್ದಳು. ಮಳೆಗಾಲದಲ್ಲಿ ಪಾಚಿ ಕಟ್ಟದಂತೆ ದಿನಕ್ಕೆ ಎರಡೆರಡು ಸಲ ತಿಕ್ಕುತ್ತಿದ್ದಳು. ಬೆನ್ನು ಬಾಗಿದ ಮೇಲೂ ಬೇರೆ ಯಾರ ಕೈಗೂ ಕೊಡಲಿಲ್ಲ.

“ನನ್ನ ಒಂದು ಸುಳ್ಳಿಗೆ ಸಾಯೂವರೆಗೂ ಕಲ್ಲು ತಿಕ್ಕಿದ್ಲು” ಎಂದ ಮಾವ.

ಹಿಂದಿನಿಂದ ಅತ್ತೆ ಮೆಲ್ಲಗೆ, “ಅವ್ರಿಗೆ ಗೊತ್ತಿತ್ತು” ಎಂದಳು.

ಮಾವ ತಿರುಗಿ ನೋಡಿದ.

“ನಾ ಮದುವೆಯಾಗಿ ಬಂದ ವರ್ಷವೇ ಹೇಳಿದ್ರು. ನೀವು ರಜೆಗೆ ಬಂದಾಗ ಎಣ್ಣೆ ತಿಕ್ಕುವಾಗ ಗಾಯ ನೋಡಿದ್ರಂತೆ. ‘ಕಲ್ಲಿಗೆ ಬಿದ್ರೆ ಹಾಂಗೆ ತೂತು ಬೀಳೂದಿಲ್ಲ. ನಂಗೆ ಹೆದ್ರಿಕೆ ಆಗ್ಬಾರ್ದು ಅಂತ ಹಾಂಗೆ ಹೇಳಿದಾನೆ ಪೋರ. ನೀ ಬಾಯಿ ಬಿಡ್ಬೇಡ’ ಅಂತ ನನ್ನ ಹತ್ರ ಆಣೆ ಹಾಕಿಸ್ಕಂಡಿದ್ರು. ಇವತ್ತು ಸರ್ಕಾರವೇ ಹೇಳಿ ಆಯ್ತು, ಇನ್ನೆಂತ ಮುಚ್ಚೂದು?”

“ಗೊತ್ತಿದ್ರೆ ಮತ್ತೆ ಆ ಕಲ್ಲು ಯಾಕೆ ತಿಕ್ತಿದ್ಲು?”

“ನೀವು ನೋಡ್ತಿದ್ರಿ ಅಲ್ವಾ, ಅದಕ್ಕೆ” ಎಂದಳು ಅತ್ತೆ.

ಮಾವ ಎದೆಯ ಪದಕದ ಮೇಲೆ ಕೈಯಿಟ್ಟುಕೊಂಡು, ಆಯೀ ಎಂದು, ಚಿಕ್ಕ ಹುಡುಗನ ಹಾಗೆ ಅತ್ತುಬಿಟ್ಟ. ನಾನು ಕಾರನ್ನು ಬದಿಗೆ ತೆಗೆದು ನಿಲ್ಲಿಸಿದೆ. ನನಗೂ ರಸ್ತೆ ಕಾಣುತ್ತಿರಲಿಲ್ಲ.