ಕಾಂಪೌಂಡರ್ ಮಾವನ ನಾಡಿಯಂತ್ರ

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಷಡಕ್ಷರಯ್ಯನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕಾರಿನ ಬಾನೆಟ್ಟು ಎತ್ತಿ, ಅದರ ಪಕ್ಕಕ್ಕೆ ಒಂದು ಸ್ಟೂಲು ತಂದಿಟ್ಟರು. ಸ್ಟೂಲು ಯಾತಕ್ಕೆಂದು ಸೊಸೆ ದಾಕ್ಷಾಯಿಣಿ ಕೇಳಲಿಲ್ಲ. ಮೂವತ್ತನಾಲ್ಕು ವರ್ಷ ಕ್ಲಿನಿಕ್ಕೊಂದರಲ್ಲಿ ಕಾಂಪೌಂಡರ್ ಆಗಿದ್ದ ಮಾವನವರಿಗೆ ಸ್ಟೂಲಿಲ್ಲದೆ ಯಾವ ತಪಾಸಣೆಯೂ ಶುರುವಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ನಿವೃತ್ತರಾದ ಮೇಲೆ ಅವರು ಕಟ್ಟಿದ ಯಂತ್ರಗಳ ಯೋಗ್ಯತೆಯೂ ಗೊತ್ತಿತ್ತು. ಹಾಲು ಉಕ್ಕುವ ಮೊದಲೇ ಕೂಗಿ ಎಚ್ಚರಿಸುವ ಯಂತ್ರ ಈಗಲೂ ಅಡುಗೆಮನೆಯ ಅಟ್ಟದಲ್ಲಿ ಕೂತು, ಯಾರೂ ಹಾಲಿಡದಿದ್ದರೂ ಮಧ್ಯಾಹ್ನಕ್ಕೊಮ್ಮೆ ಕೂಗುತ್ತಿತ್ತು.

“ಇದು ನಾಡಿಯಂತ್ರ,” ಎಂದರು ಷಡಕ್ಷರಯ್ಯ. ಹಳೆಯ ಟೇಪ್‌ರೆಕಾರ್ಡರಿನ ಡಬ್ಬಿ. ಅದರಿಂದ ಏಳು ಸ್ಟೆತಾಸ್ಕೋಪುಗಳು ಹೊರಟು ಇಂಜಿನ್ನಿನ ಮೈಮೇಲೆಲ್ಲ ಅಂಟಿಕೊಂಡಿದ್ದವು. “ಒಳಗಿನ ಸದ್ದು ಕೇಳಿಸ್ಕೊಂಡು, ಎಲ್ಲಿ ಏನು ತೊಂದರೆ ಅಂತ ಅಚ್ಚಗನ್ನಡದಲ್ಲಿ ಹೇಳುತ್ತೆ. ಇಂಜಿನ್ನಿಗೆ ಬಾಯಿಲ್ಲ ಅನ್ನೋದೇ ತಾನೆ ಈ ಮೆಕ್ಯಾನಿಕ್‌ಗಳ ಕಷ್ಟ?”

ಪಕ್ಕದಲ್ಲಿ ನಿಂತಿದ್ದ ಮೆಕ್ಯಾನಿಕ್ ಅಲ್ತಾಫ್ ಕೈ ಒರೆಸಿಕೊಂಡ. ಒಂದು ತಿಂಗಳಿಂದ ಅವನು ಆ ಕಾರಿನ ಹಿಂದೆ ಬಿದ್ದಿದ್ದ. “ಫಿಲ್ಟರ್ ಬದಲಾಯಿಸ್ದೆ ಸಾರ್. ಇಂಜೆಕ್ಟರ್ ಬಿಚ್ಚಿ ಟೆಸ್ಟ್ ಮಾಡಿಸ್ದೆ. ವಾಲ್ವ್ ತೆಗೆದು ಮಸಿ ಕೆರೆದೆ. ನಿಲ್ಸಿದ್ದಾಗ ಏನೂ ಇಲ್ಲ, ಬಂಗಾರದಂಗಿರತ್ತೆ. ದಿಬ್ಬ ಹತ್ತುವಾಗ ಮಾತ್ರ ಎಳೆಯಲ್ಲ, ಒಲೆ ಹಚ್ಚಿದಂಗೆ ಕರೀ ಹೊಗೆ. ಬಾಯಿ ಬಂದ್ರೆ ನಂಗೂ ಒಳ್ಳೇದೇ.”

ಹದಿನೈದು ವರ್ಷದ ಡೀಸೆಲ್ ಕಾರು ಅದು. ಮೂರು ಲಕ್ಷ ಎಂಬತ್ತೇಳು ಸಾವಿರ ಕಿಲೋಮೀಟರ್ ಓಡಿತ್ತು. ಹಿಂದಿನ ವಾರ ಫಿಟ್‌ನೆಸ್ ಸರ್ಟಿಫಿಕೇಟಿಗೆ, ಅಂದರೆ ಎಫ್‌ಸಿಗೆ, ಒಯ್ದಾಗ ಸಾರಿಗೆ ಇನ್ಸ್‌ಪೆಕ್ಟರು ಹೊಗೆ ನೋಡಿ ಎರಡು ಹೆಜ್ಜೆ ಹಿಂದೆ ಸರಿದು, “ಬುಧವಾರ ಇನ್ನೊಂದು ಸಲ ತನ್ನಿ ಮೇಡಂ. ಆಗಲೂ ಹೀಗೇ ಇದ್ದರೆ ಗುಜರಿಗೆ ಕೊಡಿ,” ಎಂದಿದ್ದರು. ದಾಕ್ಷಾಯಿಣಿ ಮೂವತ್ತೆರಡು ಕಿಲೋಮೀಟರ್ ಆಚೆಯ ಹಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತಿದ್ದಳು. ಗಂಡ ಮಹೇಶ್ವರ ಹೊಸಪೇಟೆಯ ಕಾರ್ಖಾನೆಯಲ್ಲಿ, ಹದಿನೈದು ದಿನಕ್ಕೊಮ್ಮೆ ಮನೆಗೆ. ಕಾರಿದ್ದರೆ ಎಂಟೂವರೆಗೆ ಹೊರಟು ಸಂಜೆ ಐದಕ್ಕೆ ವಾಪಸು. ಕಾರಿಲ್ಲದಿದ್ದರೆ ಬೆಳಗಿನ ಜಾವ ಐದೂ ಮುಕ್ಕಾಲರ ಬಸ್ಸು, ರಾತ್ರಿ ಎಂಟೂವರೆಗೆ ಮನೆ. ಆರು ವರ್ಷದ ಮಗಳು ಪ್ರಣತಿ ಆ ಎರಡೂ ಹೊತ್ತಿನಲ್ಲಿ ನಿದ್ದೆಯಲ್ಲಿರುತ್ತಾಳೆ. ಮಗಳ ಕಣ್ಣು ತೆರೆದಿರುವುದನ್ನು ನೋಡಲು ಭಾನುವಾರಕ್ಕೆ ಕಾಯಬೇಕು. ಆದ್ದರಿಂದಲೇ ಅವಳು ಮಾವನ ಯಂತ್ರಕ್ಕೂ ಒಂದು ಅವಕಾಶ ಕೊಟ್ಟಿದ್ದಳು.

ಷಡಕ್ಷರಯ್ಯ ಕೀಲಿ ತಿರುಗಿಸಿದರು. ಇಂಜಿನ್ ಎದ್ದಿತು. ಡಬ್ಬಿ ಮೊದಲು ಕೆಮ್ಮಿತು. ಆಮೇಲೆ ಷಡಕ್ಷರಯ್ಯನವರದೇ ದನಿಯಲ್ಲಿ, ಆದರೆ ಯಾರೋ ಮುದುಕಿ ನರಳಿದ ಹಾಗೆ, “ಏನಂತ ಹೇಳ್ಲಪ್ಪ… ಮೈಯೆಲ್ಲ ನೋವು,” ಎಂದಿತು.

“ಎಲ್ಲಿ ನೋವು?” ಷಡಕ್ಷರಯ್ಯ ಬಂದು ಸ್ಟೂಲಿನ ಮೇಲೆ ಕೂತು ಮುಂದಕ್ಕೆ ಬಗ್ಗಿದರು.

“ಎಲ್ಲಿ ಅಂತ ಹೇಳ್ಲಿ? ಇಲ್ಲಿಂದ ಹಿಡ್ಕೊಂಡು ಅಲ್ಲಿಗೆ ಹೋಗತ್ತೆ. ಅಲ್ಲಿಂದ ಇಲ್ಲಿಗೆ ಬರತ್ತೆ. ಎರಡು ದಿನದಿಂದ ಬಾಯಿ ಬೇರೆ ಕಹಿ.”

ಅಲ್ತಾಫ್ ದಾಕ್ಷಾಯಿಣಿಯ ಮುಖ ನೋಡಿದ. “ಮಾವ, ಇದಕ್ಕೆ ಮಾತು ಕಲಿಸಿದ್ದು ಯಾರು?” ಎಂದಳು ಅವಳು.

“ನಾನೇ. ಕಾಯಿಲೆ ಹೇಳ್ಕೊಳ್ಳೋದು ಹೇಗೆ ಅಂತ ಅದಕ್ಕೂ ಗೊತ್ತಾಗ್ಬೇಕಲ್ಲಮ್ಮ. ಮೂವತ್ತನಾಲ್ಕು ವರ್ಷ ಕ್ಲಿನಿಕ್ಕಲ್ಲಿ ಕೇಳಿದ್ದನ್ನೆಲ್ಲ ನಲವತ್ತು ದಿನ ಕೂತು ಒಪ್ಪಿಸಿದೀನಿ. ಪೇಶೆಂಟ್‌ಗಳು ಹೇಳಿದ್ದು, ಡಾಕ್ಟರು ಹೇಳಿದ್ದು, ಎಲ್ಲ.”

ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಶಿವಗಂಗಮ್ಮ ತಲೆಯೆತ್ತದೆ, “ಈ ಮನೆಗೆ ಇವರ ದನಿ ಒಂದೇ ಸಾಲದಾಗಿತ್ತು ನೋಡು,” ಎಂದರು.

*

ಸೋಮವಾರ ದಾಕ್ಷಾಯಿಣಿ ಎಂದಿನಂತೆ ದಾರಿಯಲ್ಲಿ ಹಿಂದಿ ಮೇಡಂ ಪಾರ್ವತಿಬಾಯಿಯವರನ್ನೂ ಪಿ.ಟಿ. ಮೇಷ್ಟ್ರು ಕರಿಯಪ್ಪನವರನ್ನೂ ಹತ್ತಿಸಿಕೊಂಡಳು. ಮಾವ ಅಷ್ಟರಲ್ಲೇ ಡಬ್ಬಿಯಿಂದ ಡೀಸೆಲ್ ಪಂಪಿಗೊಂದು ತಂತಿ ಎಳೆದಿದ್ದರು. ಇಂಜಿನ್ನಿಗೆ ಆಯಾಸವಾದರೆ ಡೀಸೆಲ್ಲು ತಾನಾಗಿ ನಿಲ್ಲಬೇಕು, ಅದು ಪಥ್ಯ ಎಂದು ಅವರ ವಾದ. ಕೆರೆಯ ಏರಿ ದಾಟಿ ದಿಬ್ಬ ಶುರುವಾಗುವಲ್ಲಿಗೆ ಬಂದಾಗ ಕಾರು ಕರೀ ಹೊಗೆ ಬಿಟ್ಟು, “ಉಸಿರು ಕಟ್ಟತ್ತೆ ತಾಯಿ. ಇಲ್ಲೇ ಸ್ವಲ್ಪ ಕೂತ್ಕೋತೀನಿ,” ಎಂದು ನಿಂತೇಬಿಟ್ಟಿತು.

“ಯಾರ್ರೀ ಅದು?” ಪಾರ್ವತಿಬಾಯಿ ಹಿಂದೆ ಮುಂದೆ ನೋಡಿದರು.

ದಾಕ್ಷಾಯಿಣಿ ವಿವರಿಸಿದಳು. ವಿವರಿಸುವಾಗ ತನಗೇ ನಾಚಿಕೆಯಾಯಿತು. ಐದು ಬಾರಿ ಕೀಲಿ ತಿರುಗಿಸಿದಳು. ಕಾರು ಜಗ್ಗಲಿಲ್ಲ. “ಇಷ್ಟು ದಿನ ಓಡಿಸಿದ್ರಿ,” ಎಂದು ಡಬ್ಬಿ ಮೂಗೆಳೆಯಿತು. “ಒಂದು ದಿನ ಹೆಂಗಿದೀಯ ಅಂತ ಕೇಳಿದ್ರಾ?”

“ಕೇಳ್ರೀ ಮೇಡಂ, ಕೇಳಿದ್ರೆ ಏನು ಹೋಗತ್ತೆ,” ಎಂದರು ಕರಿಯಪ್ಪ. “ಪ್ರೇಯರಿಗೆ ಹೊತ್ತಾಯ್ತು.”

ದಾಕ್ಷಾಯಿಣಿ ಸ್ಟಿಯರಿಂಗಿಗೆ, “ಹೇಗಿದೀರಿ?” ಎಂದಳು. ಕಾರು ತಕ್ಷಣ ಹೊರಟಿತು. ಹೊರಟದ್ದು ಹೌದು, ಸುಮ್ಮನಾಗಲಿಲ್ಲ. ಸೊಂಟದಿಂದ ಹಿಡಿದು ಹಿಮ್ಮಡಿಯವರೆಗೆ ಜುಮುಜುಮು ಎನ್ನುವುದನ್ನು ಹೇಳಿತು. ಪಾರ್ವತಿಬಾಯಿಯವರಿಗೆ ತಡೆಯಲಾಗಲಿಲ್ಲ. “ನಿಂದೇನು ಮಹಾ? ನನ್ನ ಮಂಡಿ ನೋಡ್ಬೇಕು ನೀನು, ಮೆಟ್ಟಿಲಿಳಿಯುವಾಗ ಟಕ್ ಅನ್ನತ್ತೆ.” ಕಾರು, “ಟಕ್ ಅಂದ್ರೆ ಪುಣ್ಯವಂತರು ನೀವು. ನಂದು ಕಟಕಟ ಅನ್ನತ್ತೆ,” ಎಂದಿತು. ಪಾರ್ವತಿಬಾಯಿ ತಮ್ಮ ರಾತ್ರಿಯ ಉರಿಯನ್ನು ಹೊರತೆಗೆದರು. ಕಾರು ತನ್ನ ಬೆಳಗಿನ ನಡುಕವನ್ನು ಹೊರತೆಗೆಯಿತು. ಇಬ್ಬರೂ ಸೋಲುವವರಲ್ಲ. ಕರಿಯಪ್ಪ ನಡುವೆ ಬಾಯಿ ಹಾಕಿ, ಬೆಳಿಗ್ಗೆ ಎದ್ದು ಮೈದಾನ ಮೂರು ಸುತ್ತು ಓಡಿದರೆ ಎಲ್ಲ ಸರಿಹೋಗುತ್ತದೆ ಎಂದದ್ದೇ ತಪ್ಪಾಯಿತು. ಕಾರು ಮತ್ತೆ ನಿಂತಿತು.

“ಮೂರು ಲಕ್ಷ ಎಂಬತ್ತೇಳು ಸಾವಿರ ಕಿಲೋಮೀಟರ್ ಓಡಿದವಳಿಗೆ ಓಡು ಅಂತಾನೆ,” ಎಂದಿತು. “ಅವನು ಇಳಿದ ಹೊರತು ನಾನು ಬರಲ್ಲ.”

ಕರಿಯಪ್ಪ ಇಳಿದರು. ಉಳಿದ ಒಂಬತ್ತು ಕಿಲೋಮೀಟರನ್ನು ಹಾಲಿನ ಟೆಂಪೋದಲ್ಲಿ ಬಂದು, ಕಾರಿಗಿಂತ ಇಪ್ಪತ್ತು ನಿಮಿಷ ಮೊದಲೇ ಶಾಲೆ ಮುಟ್ಟಿದರು.

*

ಮಂಗಳವಾರ ಸಂಜೆ ಐದೂವರೆಗೆ ಮನೆ ಮುಂದೆ ದೊಡ್ಡ ಪಂಚಾಯಿತಿ. ಎಫ್‌ಸಿಗೆ ಉಳಿದದ್ದು ಒಂದೇ ರಾತ್ರಿ. ಬಾನೆಟ್ಟಿನ ಒಂದು ಕಡೆ ಅಲ್ತಾಫ್, ಇನ್ನೊಂದು ಕಡೆ ಸ್ಟೂಲಿನ ಮೇಲೆ ಷಡಕ್ಷರಯ್ಯ, ಒಳಗೆ ಡ್ರೈವರ್ ಸೀಟಿನಲ್ಲಿ ದಾಕ್ಷಾಯಿಣಿ.

“ಹೊಗೆ ಯಾವಾಗಿಂದ?” ಅಲ್ತಾಫ್ ಡಬ್ಬಿಯನ್ನೇ ಕೇಳಿದ.

“ನಮ್ಮ ತಂಗಿ ಮಗಳ ಮದುವೆ ಆಯ್ತು ನೋಡಿ, ಅಲ್ಲಿಂದ.”

“ಅಲ್ಲಿ ಏನಾಯ್ತು?”

“ಹೋಳಿಗೆ ತಿಂದೆ. ಒಂದೇ ಒಂದು. ಅವರೇ ಬಲವಂತ ಮಾಡಿದ್ದು.”

ಅಲ್ತಾಫ್ ಸ್ಪ್ಯಾನರ್ ಕೆಳಗಿಟ್ಟ. “ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ, ಇದನ್ನ ಕಿತ್ತು ಬಿಸಾಕಿ.”

“ಕೀಳಕ್ಕಾಗಲ್ಲಪ್ಪ,” ಷಡಕ್ಷರಯ್ಯ ಗಡ್ಡ ಕೆರೆದುಕೊಂಡರು. “ಪಂಪಿಗೆ ಸೇರಿಸಿಬಿಟ್ಟಿದೀನಿ. ಈಗ ಕಿತ್ತರೆ ಪಂಪೂ ಅದರ ಜೊತೆ ಬರತ್ತೆ.”

“ನಿಮಗೆ ಯಾರ್ರೀ ಹೇಳಿದ್ರು ಪಂಪಿಗೆ ಕೈ ಹಾಕಿ ಅಂತ?” ಶಿವಗಂಗಮ್ಮ ಜಗಲಿಯಿಂದಲೇ ಕೇಳಿದರು. “ಒಂದು ಸಲ ಮಿಕ್ಸಿ ರಿಪೇರಿ ಮಾಡಿ ಆರು ತಿಂಗಳು ರುಬ್ಬುವಕಲ್ಲಲ್ಲಿ ರುಬ್ಬಿಸಿದ್ರಿ ನನ್ನ ಕೈಲಿ.”

“ಅದರ ಬಗ್ಗೆ ಈಗ್ಯಾಕೆ?”

“ಸೊಸೆ ಯಾವತ್ತಾದ್ರೂ ನಿಮಗೆ ಎದುರಾಡಿದಾಳಾ? ಅದಕ್ಕೇ ಹೀಗೆ ಆಡ್ತೀರಿ ನೀವು.”

ದಾಕ್ಷಾಯಿಣಿ ಸ್ಟಿಯರಿಂಗಿನ ಮೇಲಿಂದ ಕೈ ತೆಗೆದಳು. ಬೆಳಿಗ್ಗೆಯಿಂದ ಆರು ಪೀರಿಯಡ್ಡು ಮಾಡಿದ್ದಳು. ಚೀಲದಲ್ಲಿ ತಿದ್ದದ ನಲವತ್ತು ಉತ್ತರಪತ್ರಿಕೆಗಳಿದ್ದವು. ದನಿಯೇರಿಸಲು ಅವಳಲ್ಲಿ ತ್ರಾಣವೇ ಉಳಿದಿರಲಿಲ್ಲ.

“ಮಾವ, ನಾನು ನಿಮಗೆ ಏನೂ ಅನ್ನಲ್ಲ. ನಾಳೆ ಇದು ಫೇಲಾದ್ರೆ ನಾಡಿದ್ದರಿಂದ ಬಸ್ಸು. ಪ್ರಣತಿ ಎದ್ದಾಗ ನಾನಿರಲ್ಲ, ನಾನು ಬಂದಾಗ ಅವಳು ಮಲಗಿರ್ತಾಳೆ. ಮೊನ್ನೆ ಅವಳ ಹಲ್ಲು ಬಿತ್ತಲ್ಲ, ಕೈಲಿ ಹಿಡ್ಕೊಂಡು ಬಾಗಿಲಲ್ಲೇ ಕಾಯ್ತಾ ನಿಂತಿದ್ಲು, ನನಗೆ ತೋರಿಸ್ಬೇಕು ಅಂತ. ಇನ್ನು ಮುಂದೆ ಅದನ್ನೆಲ್ಲ ನೀವೇ ನೋಡಿಬಿಡಿ.”

ಷಡಕ್ಷರಯ್ಯ ಸ್ಟೂಲಿನ ಮೇಲೆಯೇ ಚಿಕ್ಕವರಾದರು. ದಾಕ್ಷಾಯಿಣಿ ಇಳಿದು ಬಾಗಿಲು ಹಾಕಿದಳು, ನಾಲ್ಕು ಹೆಜ್ಜೆ ನಡೆದಳು.

“ಅಂದ ಹಾಗೆ…” ಎಂದಿತು ಡಬ್ಬಿ.

ಅವಳು ನಿಂತಳು.

“ಟರ್ಬೋದಿಂದ ಬರೋ ಗಾಳಿ ಪೈಪಿದೆಯಲ್ಲ, ಅದರ ಅಡಿಯಲ್ಲಿ ಒಂದು ಬಿರುಕು ಬಿಟ್ಟಿದೆ. ಬಿಸಿಯಾದಾಗ ಬಾಯಿ ತೆರೆಯತ್ತೆ. ಅದೇನು ದೊಡ್ಡದಲ್ಲ ಬಿಡಿ. ಹಾಗೇ ನೆನಪಾಯ್ತು, ಹೇಳ್ದೆ.”

ಷಡಕ್ಷರಯ್ಯ ಎದ್ದು ನಿಂತ ರಭಸಕ್ಕೆ ಸ್ಟೂಲು ಉರುಳಿತು. “ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಮೂವತ್ತನಾಲ್ಕು ವರ್ಷ ನೋಡಿದೀನಿ ಕಣಮ್ಮ. ಅರ್ಧ ಗಂಟೆ ಕೂತು ನೆಗಡಿ, ಬಾಯಿ ಕಹಿ ಅಂತಾರೆ. ಚೀಟಿ ಬರೆಸ್ಕೊಂಡು, ಚಪ್ಪಲಿ ಮೆಟ್ಕೊಂಡು, ಬಾಗಿಲ ಹತ್ರ ಹೋದ್ಮೇಲೆ ತಿರುಗಿ, ‘ಅಂದ ಹಾಗೆ ಡಾಕ್ಟ್ರೇ, ಎದೆ ಹಿಡ್ಕೊಳ್ಳತ್ತೆ’ ಅಂತಾರೆ. ನೀನು ಬಾಗಿಲು ಹಾಕಿ ಹೊರಟೆ ನೋಡು, ಅದಕ್ಕೇ ಹೇಳ್ತು.”

ಅಲ್ತಾಫ್ ಆಗಲೇ ಕಾರಿನಡಿ ತೂರಿದ್ದ. ಅಲ್ಲಿಂದ ದನಿ ಮಾತ್ರ ಬಂತು. “ಇದೆ ಸಾರ್. ಹೆಬ್ಬೆರಳಷ್ಟು ಉದ್ದ. ತಣ್ಣಗಿದ್ದಾಗ ಮುಚ್ಕೊಂಡಿರತ್ತೆ, ಅದಕ್ಕೇ ನನ್ನ ಕಣ್ಣಿಗೆ ಬಿದ್ದಿಲ್ಲ. ಒಳಗೆ ಹೋಗೋ ಗಾಳಿಯೆಲ್ಲ ಇಲ್ಲೇ ಸೋರಿ, ಡೀಸೆಲ್ ಅರೆಬರೆ ಸುಟ್ಟು ಹೊಗೆಯಾಗ್ತಿದೆ.”

ಕತ್ತಲಾಗುವುದರೊಳಗೆ ಹೊಸ ಪೈಪು ಬಂದು ಕೂತಿತು. ಹಳೆಯ ಪೈಪಿಗೆ ಅಂಟಿಸಿದ್ದ ಸ್ಟೆತಾಸ್ಕೋಪಿಗೆ ಮಾತ್ರ ಜಾಗ ಸಾಲದೆ ಹೋಯಿತು. ಅಲ್ತಾಫ್ ಅದನ್ನು ಬಾನೆಟ್ಟಿನ ಸಂದಿಯಿಂದ ಹೊರಗೆಳೆದು, ಗಾಜಿನ ಹತ್ತಿರ ಇಳಿಬಿಟ್ಟ.

*

ನಮ್ಮ ಕಡೆ ಒಂದು ಕಾಯಿಲೆಯಿಂದ ಎದ್ದವರು ಸುಮ್ಮನೆ ಕೂರುವುದಿಲ್ಲ, ಮಾರನೆಯ ದಿನದಿಂದ ಊರಿಗೆಲ್ಲ ಔಷಧಿ ಹೇಳತೊಡಗುತ್ತಾರೆ. ಕಾರು ಬುಧವಾರ ಬೆಳಿಗ್ಗೆ ಆ ದಿಬ್ಬವನ್ನು ಶಿಳ್ಳೆ ಹಾಕಿಕೊಂಡು ಹತ್ತಿತು. ಸಾರಿಗೆ ಕಚೇರಿಯ ಮೈದಾನದಲ್ಲಿ ಇನ್ಸ್‌ಪೆಕ್ಟರು ಹಿಂದಿನ ಕೊಳವೆಗೆ ಹೊಗೆ ಅಳೆಯುವ ಕಡ್ಡಿ ತೂರಿಸಿ, ಮೀಟರು ನೋಡಿ, ಬೆರಳಿಂದ ತಟ್ಟಿ, ಮತ್ತೆ ನೋಡಿದರು. “ಇದೇ ಕಾರೇನ್ರಿ ಮೇಡಂ ಹೋದ ವಾರ ಬಂದಿದ್ದು?”

ಪಾಸಾಯಿತು. ಇನ್ಸ್‌ಪೆಕ್ಟರು ಕಾಗದಕ್ಕೆ ಸಹಿ ಹಾಕಲು ಬಾನೆಟ್ಟಿನ ಮೇಲೆ ಬಗ್ಗಿದರು. ಇಳಿಬಿದ್ದ ಸ್ಟೆತಾಸ್ಕೋಪು ಅವರ ಜೇಬಿನ ಮೇಲೆ ಸರಿಯಾಗಿ ಕೂತಿತು.

“ಹೂಂ,” ಎಂದಿತು ಡಬ್ಬಿ. ಈ ಸಲ ಮುದುಕಿಯ ನರಳಾಟವಿಲ್ಲ, ಕ್ಲಿನಿಕ್ಕಿನ ಡಾಕ್ಟರ ಗತ್ತು. “ಮಧ್ಯಾಹ್ನದ ಊಟ ಮೂರು ಗಂಟೆಗೆ. ಹೌದೋ ಅಲ್ವೋ?”

ಇನ್ಸ್‌ಪೆಕ್ಟರ ಪೆನ್ನು ನಿಂತಿತು. “ಕೆಲವು ಸಲ ಮೂರೂವರೆ.”

“ನಾಲಿಗೆ ತೆಗೀರಿ.”

ಸರ್ಕಾರಿ ಇನ್ಸ್‌ಪೆಕ್ಟರು ಮೈದಾನದ ನಡುವೆ, ಹಳೆಯ ಡೀಸೆಲ್ ಕಾರಿನ ಮುಂದೆ ನಾಲಿಗೆ ಚಾಚಿ ನಿಂತರು. ಹಿಂದೆ ನಿಂತಿದ್ದ ಟೆಂಪೋ ಡ್ರೈವರು ಇಳಿದು ಬಂದ. ಅವನಿಗೆ ಬೆನ್ನುಹುರಿಯ ನೋವು. ಅವನ ಹಿಂದೆ ಜೀಪಿನವನು, ಅವನಿಗೆ ಪಿತ್ತ. ಹತ್ತೇ ನಿಮಿಷದಲ್ಲಿ ಎಫ್‌ಸಿಯ ಸಾಲು ಮುರಿದು ಬಾನೆಟ್ಟಿನ ಮುಂದೆ ಹೊಸ ಸಾಲು ಹುಟ್ಟಿತು. ದಾಕ್ಷಾಯಿಣಿ ಕೀಲಿ ತಿರುಗಿಸಿದರೆ ಡಬ್ಬಿ, “ಇನ್ನೂ ಹದಿನಾಲ್ಕು ಜನ ಇದಾರೆ. ಕಾಂಪೌಂಡರ್, ಒಬ್ಬೊಬ್ಬರನ್ನೇ ಬಿಡಿ,” ಎಂದಿತು. ಜೊತೆಗೆ ಬಂದಿದ್ದ ಷಡಕ್ಷರಯ್ಯ ಅಭ್ಯಾಸಬಲದಿಂದ ಎದ್ದು, “ತಳ್ಳಾಡ್ಬೇಡಿ, ವಯಸ್ಸಾದವರು ಮುಂದೆ ಬನ್ನಿ,” ಎಂದು ಸಾಲು ಸರಿಪಡಿಸತೊಡಗಿದರು. ಅವರ ಮುಖದಲ್ಲಿ ಅಂಥ ಕಳೆಯನ್ನು ಸೊಸೆ ಹಿಂದೆಂದೂ ನೋಡಿರಲಿಲ್ಲ.

*

ಗುರುವಾರ ಬೆಳಿಗ್ಗೆ ಎಂಟೂ ಇಪ್ಪತ್ತು. ಎಫ್‌ಸಿ ಕಾಗದ ಚೀಲದಲ್ಲಿ ಭದ್ರವಾಗಿತ್ತು. ದಾಕ್ಷಾಯಿಣಿ ಒಂದು ಕೈಯಲ್ಲಿ ಅರ್ಧ ತಿಂದ ದೋಸೆ ಹಿಡಿದು, ಇನ್ನೊಂದು ಕೈಯಲ್ಲಿ ಮುಂದಿನ ಗಾಜು ಒರೆಸಲು ಬಾನೆಟ್ಟಿನ ಮೇಲೆ ಬಗ್ಗಿದಳು. ಇಳಿಬಿದ್ದ ಸ್ಟೆತಾಸ್ಕೋಪು ಅವಳ ಭುಜಕ್ಕೆ ತಾಗಿತು.

“ಯಾರಿದು?” ಎಂದಿತು ಡಬ್ಬಿ. “ನಿದ್ದೆ ಎಷ್ಟು ಗಂಟೆ?”

“ಐದು,” ಎಂದಳು ಅವಳು ಒರೆಸುತ್ತಲೇ. ಆಮೇಲೆ, “ನಾಲ್ಕೂವರೆ,” ಎಂದಳು.

“ಊಟ ಕೂತು ಮಾಡ್ತೀರೋ, ನಿಂತೋ?”

ದಾಕ್ಷಾಯಿಣಿ ದೋಸೆಯ ಕಡೆ ನೋಡಿದಳು.

“ಮೂರು ದಿನ ಪೂರ್ತಿ ರೆಸ್ಟು.” ಒಳಗೆಲ್ಲೋ ಟಿಕ್ ಎಂದಿತು, ಪಂಪು ಮುಚ್ಚಿಕೊಂಡಿತು.

ಅವಳು ಹೇಗಿದೀರಿ ಎಂದು ಕೇಳಿದಳು. ಷಡಕ್ಷರಯ್ಯ ಗದರಿದರು, ಆಮೇಲೆ ಬೇಡಿಕೊಂಡರು. ಅಲ್ತಾಫ್ ಓಡಿ ಬಂದು ಕೆಳಗೆ ನುಸುಳಿ ಮೇಲೆ ಎದ್ದ. “ಇಂಜಿನ್ ಫಸ್ಟ್ ಕ್ಲಾಸಾಗಿದೆ ಮೇಡಂ. ಅದಕ್ಕೇನೂ ಆಗಿಲ್ಲ. ನಿಮಗೆ ಹುಷಾರಿಲ್ಲ ಅಂತ ಅದು ಬರ್ತಿಲ್ಲ, ಅಷ್ಟೆ.” ಬಸ್ಸು ಹೋಗಿ ಮೂರು ಗಂಟೆಯಾಗಿತ್ತು. ಅವಳು ಹೆಡ್‌ಮಾಸ್ತರರಿಗೆ ಫೋನು ಮಾಡಿ ಶನಿವಾರದವರೆಗೆ ರಜೆ ಕೇಳಿದಳು. ಕಾರಣ ಹೇಳುವಾಗ ಸ್ವಲ್ಪ ತಡವರಿಸಿದಳು.

ಆಮೇಲೆ ಮಾಡುವುದೇನೂ ತೋಚದೆ, ಉಳಿದ ದೋಸೆ ತಟ್ಟೆಗೆ ಹಾಕಿಕೊಂಡು ಜಗಲಿಯಲ್ಲಿ ಕೂತಳು. ಪ್ರಣತಿ ಸ್ನಾನ ಮುಗಿಸಿ ಹೊರಗೆ ಬಂದು, ಅಮ್ಮ ಕೂತಿರುವುದನ್ನು ಒಂದಷ್ಟು ಹೊತ್ತು ಅನುಮಾನದಿಂದ ನೋಡಿದಳು. “ಇವತ್ತು ಭಾನುವಾರಾನಾ?” ಎಂದಳು. ಅಲ್ಲವೆಂದು ತಿಳಿದ ಮೇಲೆ ಪಕ್ಕದಲ್ಲಿ ಕೂತು ಅಮ್ಮನ ತಟ್ಟೆಗೇ ಕೈ ಹಾಕಿದಳು.

ಶಿವಗಂಗಮ್ಮ ಇಬ್ಬರಿಗೂ ಇನ್ನೆರಡು ದೋಸೆ ತಂದು ಹಾಕಿ, ಗಂಡನ ಕಡೆ ತಿರುಗಿದರು. “ಅಲ್ರೀ, ಮೂವತ್ತನಾಲ್ಕು ವರ್ಷ ಇದ್ರಲ್ಲ ಅಲ್ಲಿ. ನಿಮ್ಮ ಡಾಕ್ಟರು ಯಾವತ್ತಾದ್ರೂ ಒಬ್ಬ ಹೆಂಗಸಿಗೆ ಹೀಗೆ ರೆಸ್ಟ್ ಬರೆದುಕೊಟ್ಟಿದ್ದುಂಟಾ?”

“ದಿನಾ ಬರೀತಿದ್ರು,” ಎಂದರು ಷಡಕ್ಷರಯ್ಯ. “ಒಬ್ಬಳೂ ತಗೋತಿರ್ಲಿಲ್ಲ. ಡಾಕ್ಟರ ಕೈಲಿ ಡೀಸೆಲ್ ಪಂಪಿರಲಿಲ್ವಲ್ಲ.”