ಸರ್ಕಾರಿ ಮೂಗಿಗೆ ನೆಗಡಿ

ನೆಗಡಿಯಂಥ ರೋಗವಿಲ್ಲ ಅನ್ನುತ್ತಾರೆ. ಸುಳ್ಳಲ್ಲ. ಮಂಗಳವಾರ ಬೆಳಿಗ್ಗೆ ಲುಬ್ಬರ್ಟ್ ಎದ್ದು ಕಾಫಿಪುಡಿಯ ಡಬ್ಬಿ ತೆರೆದು ಮೂಗಿನ ಹತ್ತಿರ ತಂದ. ಏನೂ ಬರಲಿಲ್ಲ. ಮೂಗನ್ನೇ ಡಬ್ಬಿಯೊಳಕ್ಕೆ ಇಳಿಸಿದ. ಪುಡಿ ಮೂಗಿಗೆ ಮೆತ್ತಿಕೊಂಡಿತೇ ಹೊರತು ವಾಸನೆ ಬರಲಿಲ್ಲ. ಬೇರೆಯವರಿಗಾದರೆ ಎರಡು ಸೀನು ಸೀನಿ ಮರೆಯುವ ಸಂಗತಿ. ಲುಬ್ಬರ್ಟ್ ಹಾಗೆ ಮರೆಯುವಂತಿರಲಿಲ್ಲ, ಏಕೆಂದರೆ ಅವನ ಮೂಗು ಅವನದಲ್ಲ, ಸರ್ಕಾರದ್ದು.

ಬಂದರಿನ ಪರಿಸರ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಅವನದು ವಾಸನೆ ನೋಡುವ ಕೆಲಸ. ಟ್ಯಾಂಕರ್ ಹಡಗು ಸರಕು ಇಳಿಸಿ ಖಾಲಿಯಾದ ಮೇಲೂ ಅದರ ತೊಟ್ಟಿಗಳ ತುಂಬ ವಿಷದ ಆವಿ ಉಳಿದಿರುತ್ತದೆ. ಅದನ್ನು ಬಂದರಿನ ಯಂತ್ರಕ್ಕೆ ಹೀರಲು ಕೊಡಬೇಕು. ಅದಕ್ಕೆ ಅರ್ಧ ದಿನ ಹಿಡಿಯುತ್ತದೆ, ಅಷ್ಟು ಹೊತ್ತು ಕಾಯುವ ವ್ಯವಧಾನ ಯಾವ ಹಡಗಿನವನಿಗಿದೆ? ಹೊಳೆಯ ನಡುವೆ ಮುಚ್ಚಳ ತೆರೆದರಾಯಿತು, ಆವಿಯೆಲ್ಲ ಪುಕ್ಕಟೆಯಾಗಿ ದಂಡೆಯವರ ಮನೆಯೊಳಕ್ಕೆ. ಅಂಥ ಹಡಗನ್ನು ಕಟ್ಟಿಹಾಕಲು ಪರೀಕ್ಷೆ ಪಾಸಾದ ಮೂಗಿನ ಸಹಿ ಬೇಕು. ಊರಿಗೆ ಅಂಥ ಮೂಗು ಇದ್ದದ್ದು ಎರಡು. ಇನ್ನೊಂದು ಆ ವಾರ ಸ್ಪೇನಿನಲ್ಲಿ ಬಿಸಿಲು ಕಾಯಿಸುತ್ತಿತ್ತು.

ನೆಗಡಿಯಾದವನು ಕಚೇರಿಗೆ ತಿಳಿಸಿ ಮನೆಯಲ್ಲಿರಬೇಕು ಎಂಬುದು ನಿಯಮ. ಹೆಂಡತಿ ವಿಲ್ಮಾ ಅದನ್ನೇ ಹೇಳಿದಳು.

"ಫೋನ್ ಮಾಡಿ ಹೇಳ್ಬಿಡು. ನಿಂಗೊಬ್ಬನಿಗೇನಾ ಬಂದರು ಬರ್ಕೊಟ್ಟಿರೋದು?"

"ಇವತ್ತು ಕೊರ್ನೆಲಿಯಾ ಹೊರಡ್ತಾಳೆ ಕಣೇ."

ಕೊರ್ನೆಲಿಯಾ ಎಂಬ ಆ ಟ್ಯಾಂಕರು ಮೂರು ತಿಂಗಳಲ್ಲಿ ನಾಲ್ಕು ಸಲ ಅವರ ಕಿಟಕಿಯೆದುರು ಹಾದುಹೋಗಿತ್ತು. ನಾಲ್ಕು ಸಲವೂ ವಿಲ್ಮಾ ತಲೆನೋವಿನಿಂದ ಎರಡೆರಡು ದಿನ ಒದ್ದೆ ಬಟ್ಟೆ ಹಣೆಗೆ ಹಾಕಿಕೊಂಡು ಕತ್ತಲ ಕೋಣೆಯಲ್ಲಿ ಬಿದ್ದಿದ್ದಳು. ನಾಲ್ಕು ಸಲವೂ ಲುಬ್ಬರ್ಟ್ ಇನ್ನೆಲ್ಲೋ ಇದ್ದ. ಐದನೆಯ ಸಲ ಬಿಡುವುದಿಲ್ಲವೆಂದು ಅವಳಿಗೆ ಮಾತು ಕೊಟ್ಟಿದ್ದ.

ಹಡಗು ಹೊರಡುವ ಹತ್ತು ಗಂಟೆಯೊಳಗೆ ಮೂಗು ತೆರೆಯಬೇಕಿತ್ತು. ಆದದ್ದಾಗಲಿ ಎಂದು ಪಕ್ಕದ ಮನೆಯ ಟ್ರೂಸ್ ಅಜ್ಜಿಯ ಕದ ತಟ್ಟಿದ. ಬೀದಿಯಲ್ಲಿ ಯಾರಿಗೆ ಏನೇ ಆದರೂ ಅದಕ್ಕೆ ಮದ್ದು ಅವಳಲ್ಲಿರುತ್ತದೆ.

"ಈರುಳ್ಳಿ ಕಣೋ ಮಗಾ, ಈರುಳ್ಳಿ," ಎಂದಳು ಅಜ್ಜಿ. ನಾಲ್ಕು ದೊಡ್ಡ ಈರುಳ್ಳಿ ಕೊಚ್ಚಿ ಅವನ ಎರಡೂ ಕಾಲುಚೀಲಕ್ಕೆ ತುಂಬಿದಳು. ಮಿಕ್ಕಿದ್ದನ್ನು ಟೋಪಿಯೊಳಗೆ ಹರಡಿದಳು. "ಪಾದದಿಂದ ಏರ್ತದೆ, ನೆತ್ತಿಯಿಂದ ಇಳೀತದೆ. ಮಧ್ಯ ಸಿಕ್ಕಿದ ನೆಗಡಿ ಎಲ್ಲಿಗೆ ಹೋಗ್ತದೆ ಹೇಳು."

ಎದುರು ಮನೆಯ ಕ್ರೈನ್ ಬೇಲಿಯ ಮೇಲಿಂದ ಇದನ್ನೆಲ್ಲ ನೋಡುತ್ತಿದ್ದ. ಮೂವತ್ತು ವರ್ಷ ಮೀನಿನ ದೋಣಿಯಲ್ಲಿದ್ದವನು. ಈರುಳ್ಳಿ ಕಂಡು ಮೂಗು ಮುರಿದ.

"ಅಜ್ಜಿ ಮದ್ದು ಮಕ್ಕಳಿಗೆ ಸರಿ. ಗಂಡಸರ ಮದ್ದು ಬೇರೆ ಇದೆ, ಬಾ ಇಲ್ಲಿ."

ಗಂಡಸರ ಮದ್ದೆಂದರೆ ದೋಣಿಗೆ ಬಳಿಯುವ ಡಾಂಬರು, ಟರ್ಪೆಂಟೈನು, ಕರ್ಪೂರ, ಇವಿಷ್ಟನ್ನೂ ಹಂದಿಯ ಕೊಬ್ಬಿನಲ್ಲಿ ಕುದಿಸಿದ ಕರಿಯ ಲೇಪ. ಬಿಸಿ ಬಿಸಿಯಾಗಿ ಲುಬ್ಬರ್ಟನ ಎದೆಗೂ ಬೆನ್ನಿಗೂ ಬಳಿದು, ಮೇಲೆ ಹಳೆಯ ಉಣ್ಣೆಬಟ್ಟೆ ಸುತ್ತಿ, ಅಂಗಿಯ ಗುಂಡಿ ಹಾಕಿದ.

"ವಾಸನೆ ಬರಲ್ವಾ?" ಎಂದ ಲುಬ್ಬರ್ಟ್.

"ಸ್ವಲ್ಪ," ಎಂದ ಕ್ರೈನ್, ಮುಖ ಆಚೆ ತಿರುಗಿಸಿಕೊಂಡು.

ಲುಬ್ಬರ್ಟ್ ಸೈಕಲ್ ಹತ್ತಿ ಹೊಳೆದಂಡೆಯ ಏರಿಯ ರಸ್ತೆ ಹಿಡಿದ. ಬ್ರೆಡ್ಡಿನ ಅಂಗಡಿಯಲ್ಲಿ ಸಾಲು ನಿಂತಿತ್ತು. ಹೊಟ್ಟೆಗೆ ಏನಾದರೂ ಬೇಕೆಂದು ಅವನು ಸಾಲಿಗೆ ಸೇರಿ ಎರಡು ನಿಮಿಷವಾಗಿರಲಿಲ್ಲ, ಮುಂದಿದ್ದ ಹೆಂಗಸು ಕೈವಸ್ತ್ರ ತೆಗೆದಳು.

"ಶುರುವಾಯ್ತು ನೋಡ್ರಿ. ಯಾವುದೋ ಹಡಗು ಮುಚ್ಚಳ ತೆಗೆದಿದೆ."

"ಇದು ಪೆಟ್ರೋಲಲ್ಲ ಕಣ್ರೀ, ಇನ್ನೇನೋ ಘೋರ," ಎಂದ ಇನ್ನೊಬ್ಬ. ಅಷ್ಟರಲ್ಲಿ ಯಾರೋ ಲುಬ್ಬರ್ಟನ ಗುರುತು ಹಿಡಿದರು. "ಓ, ನೀವೇ ಇದೀರಲ್ಲ, ಸದ್ಯ. ನಿಮ್ಮ ಮೂಗಿಗೆ ಏನನ್ಸುತ್ತೆ?"

ಹದಿನಾಲ್ಕು ಕಣ್ಣು ಅವನ ಮೂಗಿನ ಮೇಲಿದ್ದವು. ಇಲ್ಲವೆಂದರೆ ಮೂಗು ಹೋಯಿತೆಂದು ಊರಿಗೇ ಗೊತ್ತಾಗುತ್ತದೆ. ಅವನು ಕಣ್ಣು ಮುಚ್ಚಿ, ಬಾಯಲ್ಲೇ ಉಸಿರೆಳೆದುಕೊಂಡು, ಗಂಭೀರವಾಗಿ ತಲೆಯಾಡಿಸಿದ.

"ಜೋರಾಗೇ ಇದೆ. ನೀವೆಲ್ಲ ದೂರಿನ ನಂಬರಿಗೆ ಫೋನ್ ಮಾಡಿ."

ಏಳು ಜನವೂ ಮಾಡಿದರು. ಅವನ ಮನಸ್ಸು ಹಗುರಾಯಿತು. ಕೊರ್ನೆಲಿಯಾ ಹಡಗುಕಟ್ಟೆಯಲ್ಲೇ ಮುಚ್ಚಳ ತೆರೆದಿದ್ದಾಳೆ, ಕಳ್ಳಿ ಇವತ್ತು ಸಿಕ್ಕಿಬಿದ್ದಳು ಎಂದುಕೊಂಡು ಹೊಳೆ ದಾಟಿಸುವ ದೋಣಿ ಹತ್ತಿದ. ಒಳಗೆ ಕೂತ ಐದೇ ನಿಮಿಷಕ್ಕೆ ಪ್ರಯಾಣಿಕರೆಲ್ಲ ಎದ್ದು ಹೊರಗೆ ಚಳಿಯಲ್ಲಿ ನಿಂತರು. ಒಬ್ಬ ಮುದುಕ ಬಗ್ಗಿ ಹೊಳೆಗೆ ವಾಂತಿ ಮಾಡಿಕೊಂಡ. ದೋಣಿಯವನು ಮಾತ್ರ ಹುಬ್ಬು ಗಂಟಿಕ್ಕಿಕೊಂಡು ಕೇಳಿದ:

"ಗಾಳಿ ಈ ಕಡೆಯಿಂದ ಆ ಕಡೆಗೆ ಬೀಸ್ತಿದೆ. ಹಡಗು ಆ ದಡದಲ್ಲಿದೆ. ಗಾಳಿಗೆ ಎದುರಾಗಿ ವಾಸನೆ ಹೆಂಗೆ ಬರ್ತದೆ ಸ್ವಾಮಿ?"

"ನೀರಿನ ಮೇಲೆ ಗಾಳಿ ಸುತ್ತು ಹೊಡೀತದಪ್ಪ," ಎಂದ ಲುಬ್ಬರ್ಟ್, ಇಪ್ಪತ್ತೆರಡು ವರ್ಷದ ಅನುಭವವನ್ನೆಲ್ಲ ದನಿಗೆ ತಂದುಕೊಂಡು. ದೋಣಿಯಿಂದಲೂ ಹತ್ತೊಂಬತ್ತು ದೂರು ಹೋದವು.

ದಡ ಸೇರಿದವನೇ ಮೇಲಧಿಕಾರಿ ಹೆಸ್ಟರಳಿಗೆ ಫೋನು ಮಾಡಿದ. "ನನ್ನ ಮೂಗಿನ ಮೇಲೆ ಆಣೆ. ಕೊರ್ನೆಲಿಯಾ ಈಗ ತಾನೇ ಕಟ್ಟೆ ಬಿಡ್ತಿದಾಳೆ. ತಡೀರಿ ಅವಳನ್ನ."

ತನಿಖೆಯ ದೋಣಿ ಹೋಯಿತು. ಕೊರ್ನೆಲಿಯಾಳನ್ನು ಹೊಳೆಯ ನಡುವೆ ನಿಲ್ಲಿಸಿದರು. ಹನ್ನೆರಡು ಮುಚ್ಚಳಕ್ಕೂ ವಾಸನೆಯ ಯಂತ್ರ ಹಿಡಿದರು. ಯಂತ್ರ ಕಮಕ್ ಕಿಮಕ್ ಎನ್ನಲಿಲ್ಲ. ಮುಚ್ಚಳಗಳೆಲ್ಲ ಭದ್ರವಾಗಿದ್ದವು. ನಾವಿಕ ಎಲ್ಲರಿಗೂ ಕಾಫಿ ಕೊಟ್ಟು, ಮಗಳ ಮದುವೆಯ ಫೋಟೋ ತೋರಿಸಿದನಂತೆ.

ದಡದಲ್ಲಿ ಕಾದು ಕಾದು ಲುಬ್ಬರ್ಟ್ ಕಚೇರಿ ಸೇರುವಾಗ ಹೆಸ್ಟರ್ ಗೋಡೆಯ ನಕ್ಷೆಯ ಮುಂದೆ ನಿಂತಿದ್ದಳು. ದೂರು ಬಂದ ಜಾಗಕ್ಕೆಲ್ಲ ಕೆಂಪು ಚುಕ್ಕಿ ಇಡುವುದು ಫೆಮ್ಕೆಯ ಕೆಲಸ. ಆ ಹುಡುಗಿ ತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದಳು.

"ಇಂಥ ವಾಸನೆ ನಾನು ಕಂಡಿಲ್ಲ ಮೇಡಂ," ಎಂದಳು. "ಏರಿಯ ರಸ್ತೆಯಲ್ಲಿ ಸೈಕಲ್ ದಾರಿ ಬಿಟ್ಟು ಕದಲಿಲ್ಲ. ಬ್ರೆಡ್ಡಿನಂಗಡಿ ಮುಂದೆ ಒಂಬತ್ತು ನಿಮಿಷ ಸಾಲಲ್ಲಿ ನಿಂತಿದೆ. ಆಮೇಲೆ ಟಿಕೆಟ್ ತಗೊಂಡು ದೋಣಿ ಹತ್ತಿದೆ. ಈಗ ನಮ್ಮ ಮೆಟ್ಟಿಲಲ್ಲಿದೆ. ಕೆಳಗಿನ ಲೆಕ್ಕಪತ್ರದವರು ಈಗಷ್ಟೆ ದೂರು ಕೊಟ್ರು."

ಹೆಸ್ಟರ್ ತಿರುಗಿ ಲುಬ್ಬರ್ಟನನ್ನು ನೋಡಿದಳು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದಳು. ತನಿಖೆಯವರು ವಾಪಸು ತಂದಿಟ್ಟಿದ್ದ ಯಂತ್ರವನ್ನು ಎತ್ತಿ ಅವನ ಎದೆಗೆ ಹಿಡಿದಳು. ಅದು ಕಿರುಚಿಕೊಂಡಿತು. ಟೋಪಿ ತೆಗೆಸಿದಳು. ಈರುಳ್ಳಿ ಹೋಳುಗಳು ಕಚೇರಿಯ ಕಾಗದದ ಮೇಲೆ ಉದುರಿದವು.

"ನೆಗಡಿಯಾ?"

"ಒಂಚೂರು ಮೇಡಂ."

ಹೆಸ್ಟರ್ ಕೂತುಬಿಟ್ಟಳು. ಬೈದಿದ್ದರೆ ಲುಬ್ಬರ್ಟನಿಗೆ ಸಮಾಧಾನವಾಗುತ್ತಿತ್ತು. ಅವಳು ಬೈಯಲಿಲ್ಲ. "ನಲವತ್ತೊಂದು ದೂರು, ಎರಡು ಗಂಟೆಯೊಳಗೆ ಮೂಲ ಪತ್ತೆ," ಎಂದಳು. "ಈ ಕಚೇರಿ ಹುಟ್ಟಿದಾಗಿನಿಂದ ಇಷ್ಟು ಬೇಗ ಯಾರನ್ನೂ ಹಿಡಿದಿಲ್ಲ ನಾವು. ಹಿಡಿದಿದ್ದು ನಿನ್ನನ್ನ." ಕಡತದಲ್ಲಿ 'ವಾಸನೆಯ ಮೂಲ' ಎಂಬಲ್ಲಿ ಅವನ ಹೆಸರು ಬರೆದಳು. ನೆಗಡಿ ಮುಚ್ಚಿಟ್ಟದ್ದಕ್ಕೆ ಅವನ ಮೂಗಿನ ಪರವಾನಗಿಯನ್ನು ಆ ಕ್ಷಣದಿಂದ ಅಮಾನತಿನಲ್ಲಿಟ್ಟಳು. ಕೊರ್ನೆಲಿಯಾಗೆ ತಪಾಸಣೆ ಮುಗಿದಿದೆ, ಶುದ್ಧವಾಗಿದೆ, ಸಮುದ್ರ ಸೇರುವವರೆಗೆ ಯಾರೂ ತಡೆಯತಕ್ಕದ್ದಲ್ಲ ಎಂಬ ಕಾಗದವೂ ಹೋಯಿತು.

"ಮೊದ್ಲು ಸ್ನಾನ ಮಾಡು," ಎಂದಳು.

ಕಚೇರಿಯ ಬಚ್ಚಲಲ್ಲಿ ಲುಬ್ಬರ್ಟ್ ಮುಕ್ಕಾಲು ಗಂಟೆ ಬಿಸಿನೀರಿನ ಕೆಳಗೆ ನಿಂತ. ಡಾಂಬರು ಉಜ್ಜಿ ಉಜ್ಜಿ ತೊಗಲು ಕೆಂಪಾಯಿತು. ಅವನಿಗೆ ಅಳು ಬಂತು, ಅತ್ತ. ಬಚ್ಚಲ ತುಂಬ ಹಬೆ ಕವಿಯಿತು. ಕಾವಲುಗಾರನ ಹಳೆಯ ಬಟ್ಟೆ ತೊಟ್ಟು ಹೊರಗೆ ಬಂದವನು ಕೋಣೆಯ ನಡುವೆಯೇ ನಿಂತ. ಹಬೆಗೆ ಮೂಗು ತೆರೆದುಕೊಂಡಿತ್ತು. ಮೊದಲು ಸೋಪು ಬಂತು, ಆಮೇಲೆ ಫೆಮ್ಕೆಯ ಕಾಫಿ. ಅದರ ಹಿಂದೆಯೇ, ಕಿಟಕಿಯ ಸಂದಿಯಿಂದ, ತೆಳ್ಳಗೆ, ಸಿಹಿಯಾಗಿ, ಗಂಟಲಿನ ಬುಡದಲ್ಲಿ ಅಂಟುವಂಥದ್ದೊಂದು. ಆ ಸಿಹಿ ಅವನಿಗೆ ಇಪ್ಪತ್ತೆರಡು ವರ್ಷದ ಪರಿಚಯ.

ಕಿಟಕಿಗೆ ಓಡಿದ. ಕೊರ್ನೆಲಿಯಾ ಆಗಲೇ ಹೊಳೆಯ ತಿರುವಿನಲ್ಲಿದ್ದಳು. ಹನ್ನೆರಡು ಮುಚ್ಚಳವೂ ತೆರೆದಿದ್ದವು. ಅವುಗಳ ಮೇಲೆ ಗಾಳಿ ನಡುಗುತ್ತಿರುವುದು ಬರಿಗಣ್ಣಿಗೇ ಕಾಣುತ್ತಿತ್ತು. ಬೆಳಗಿನ ಬೀಸುಗಾಳಿ ನಿಂತು ಆವಿ ಎರಡೂ ದಡಕ್ಕೆ ಹರಡುತ್ತಿತ್ತು.

"ಮೇಡಂ, ಬೆಂಜೀನ್. ತೆರೆದಿದಾರೆ. ಈಗ ಬರ್ತಿದೆ ನಂಗೆ, ಚೆನ್ನಾಗಿ ಬರ್ತಿದೆ."

"ನಿನ್ನ ಮೈ ವಾಸನೆ ಇನ್ನೂ ಪೂರ್ತಿ ಹೋಗಿಲ್ಲ ಮಾರಾಯ," ಎಂದಳು ಹೆಸ್ಟರ್, ಕಾಗದದಿಂದ ತಲೆಯೆತ್ತದೆ.

"ಒಂದ್ಸಲ ಎದ್ದು ನೋಡಿ ಮೇಡಂ, ಕೈ ಮುಗೀತೀನಿ."

"ನೋಡಿ ಏನು ಮಾಡ್ಲಿ? ತಡೆಯಬೇಡಿ ಅಂತ ನಾನೇ ಸಹಿ ಹಾಕಿದೀನಿ. ತಡೆಯೋಕೆ ಸಹಿ ಹಾಕಬೇಕಾದ ಮೂಗು ಅಮಾನತಲ್ಲಿದೆ."

ಫೋನುಗಳು ಒಂದರ ಹಿಂದೊಂದು ಬಡಿದುಕೊಳ್ಳತೊಡಗಿದವು. ಫೆಮ್ಕೆ ಪ್ರತಿಯೊಂದನ್ನೂ ಎತ್ತಿ ಬೇಸರವಿಲ್ಲದೆ ಒಂದೇ ಉತ್ತರ ಕೊಟ್ಟಳು. "ಹೌದು, ಗೊತ್ತಾಗಿದೆ. ಹಡಗಲ್ಲ, ನಮ್ಮ ಕಚೇರಿಯವರೇ ಒಬ್ಬರು. ಸ್ನಾನ ಮಾಡ್ಸಿದೀವಿ. ಇನ್ನು ಕಡಿಮೆಯಾಗತ್ತೆ." ಹದಿನೈದು ಸಲ ಹಾಗೆ ಹೇಳಿದಳು. ಹದಿನಾರನೆಯ ಸಲ ಅವಳ ಮುಖ ಬಾಡಿತು. ಫೋನನ್ನು ಲುಬ್ಬರ್ಟನ ಕೈಗೆ ಕೊಟ್ಟಳು.

"ನಾನು ಕಣೋ," ಎಂದಳು ವಿಲ್ಮಾ. ದನಿ ಆಗಲೇ ಕತ್ತಲ ಕೋಣೆಯೊಳಗಿನಿಂದ ಬರುತ್ತಿತ್ತು. "ತಲೆ ಸಿಡೀತಿದೆ. ನಿಂಗೆ ವಾಸನೆ ಬಂತಾ ಇವತ್ತು?"

"ಬಂತು."

"ಹಂಗಾದ್ರೆ ಹಿಡಿದ್ರಾ?"

ಲುಬ್ಬರ್ಟ್ ಕಡತದಲ್ಲಿದ್ದ ತನ್ನ ಹೆಸರನ್ನು ನೋಡಿದ.

"ಹಿಡಿದ್ರು," ಎಂದ. "ನೀನು ಕಿಟಕಿ ಹಾಕ್ಕೊಂಡು ಮಲಕ್ಕೋ."