ಮೊದಲ ಸಾಲಿಗೆ ಟವೆಲ್

ಈ ಭೂಮಿಯ ಮೇಲೆ ಖಾಲಿ ಇರುವ ಸೀಟುಗಳೆಲ್ಲ ತಮ್ಮವೇ ಎಂದು ನಂಬಿರುವ ಗಂಡಸೊಬ್ಬರನ್ನು ನಾನು ಕಟ್ಟಿಕೊಂಡಿದ್ದೇನೆ. ಹೆಸರು ಹೇಳುವುದಿಲ್ಲ. ಹಿಂದೂಪುರದ ಬಸ್ ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ!

ನಮ್ಮೆಜಮಾನರ ಹೆಗಲ ಮೇಲಿನ ಟವೆಲ್ ಬೆವರು ಒರೆಸಲಿಕ್ಕಲ್ಲ, ಸೀಟು ಹಿಡಿಯಲಿಕ್ಕೆ. ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಎಸೆದರೆಂದರೆ ಆ ಸೀಟು ರಿಜಿಸ್ಟರ್ ಆದಂತೆ. ಒಮ್ಮೆ ನನ್ನ ತವರು ಕಲ್ಯಾಣದುರ್ಗಕ್ಕೆ ಹೊರಟಾಗ ಹೀಗೇ ಹಿಡಿದ ಸೀಟಿನಲ್ಲಿ ಇಬ್ಬರೂ ಗತ್ತಿನಿಂದ ಕೂತೆವು. ಬಸ್ಸು ಹೊರಟಿತು. ಬೇರೆ ಯಾರೂ ಹತ್ತಲಿಲ್ಲವಲ್ಲ ಎಂದೆ. "ಎಲ್ರೂ ನನ್ನಷ್ಟು ಚುರುಕಾಗಿರ್ತಾರೇನೇ?" ಎಂದರು. ಬಸ್ಸು ನೆಟ್ಟಗೆ ಡಿಪೋಗೆ ಹೋಗಿ ನಿಂತಿತು. ರಿಪೇರಿಗೆ!

ಇಂಥವರು ಒಂದು ದಿನ, "ಬೆಂಗ್ಳೂರಿಗೆ ಹೋಗನ ಕಣೇ, ಎಲ್ಡು ದಿನ. ವೀಣೆ ಕಛೇರಿ ಐತಂತೆ" ಎಂದಾಗ ನನಗೆ ಖುಷಿಯೂ ಆಯಿತು, ಹೆದರಿಕೆಯೂ ಆಯಿತು. ಮದುವೆಗೆ ಮುಂಚೆ ಮೂರು ವರ್ಷ ವೀಣೆ ಕಲಿತವಳು ನಾನು. ಈಗ ಎಡಗಿವಿ ಮಂದವಾಗಿದೆ, ಬಲಗಿವಿಯೂ ಅದೇ ದಾರಿ ಹಿಡಿಯುವ ಲಕ್ಷಣ. ಇದನ್ನು ಯಾರಿಗೂ ಹೇಳಿರಲಿಲ್ಲ, ಇವರಿಗಂತೂ ಇಲ್ಲವೇ ಇಲ್ಲ. ಹೇಳಿದರೆ ಊರಿಗೆಲ್ಲ ಟಾಂಟಾಂ ಆಗುತ್ತದಲ್ಲ! ಕಿವಿ ಪೂರ್ತಿ ಕೈಕೊಡುವ ಮೊದಲು ಒಂದೇ ಒಂದು ಕಛೇರಿಯನ್ನು ಮನಸ್ಸು ತುಂಬಾ ಕೇಳಬೇಕು, ಅಷ್ಟೇ ನನ್ನ ಆಸೆ.

ಬೆಳಿಗ್ಗೆ ಮ್ಯೂಸಿಯಂಗೆ ಹೋದೆವು. ಅಲ್ಲೊಂದು ಹಳೆಯ ಕೆತ್ತನೆಯ ಕುರ್ಚಿ, ಸುತ್ತ ಹಗ್ಗ. ನಾನು ಬೋರ್ಡು ಓದಿ ತಿರುಗುವಷ್ಟರಲ್ಲಿ ಅದರ ಮೇಲೆ ನಮ್ಮ ಟವೆಲ್! ಕಾವಲುಗಾರ ಓಡಿಬಂದ. "ಖಾಲಿ ಇತ್ತು ಕಣಪ್ಪಾ, ನಮ್ಮೋಳಿಗೆ ಕಾಲು ನೋವು" ಎಂದು ಇವರು ಶುರುಮಾಡಿದರು. ನಾನು ಕಲ್ಲಿನ ನಂದಿಯ ಹಿಂದೆ ಅಡಗಿಕೊಂಡೆ.

ಸಂಜೆ ಕಛೇರಿ. ಟಿಕೆಟ್ ತೆಗೆದುಕೊಟ್ಟದ್ದು ತಂಗಿಯ ಮಗಳು, ಸಿಕ್ಕಿದ್ದು ಕೊನೆಯ ಸಾಲು. ಅಷ್ಟು ದೂರದಿಂದ ನನಗೇನು ಕೇಳಿಸೀತು ಎಂದು ಒಳಗೊಳಗೇ ಅಳುಕು. ಇವರೋ, ಬಾಗಿಲು ತೆರೆದದ್ದೇ ತಡ, ನುಗ್ಗಿ ಮೊದಲ ಸಾಲಿನ ಎಡತುದಿಗೆ ಟವೆಲ್ ಹಾಸಿ ಕೂತೇಬಿಟ್ಟರು.

"ಸರ್, ಇದು ಕಲಾವಿದರ ಮನೆಯವರಿಗೆ. ನಿಮ್ಮ ಟಿಕೆಟ್‌ನಲ್ಲಿ ನಂಬರ್ ಇದೆಯಲ್ಲ?" ಎಂದರು ಸಭಾಂಗಣ ನೋಡಿಕೊಳ್ಳುವ ಹೆಣ್ಣುಮಗಳು.

"ನಂಬರ್ ಇದ್ರೆ ಏನಮ್ಮಾ? ಟವೆಲ್ ಮೊದ್ಲು ಬಿದ್ದಿರಾದು ನಮ್ದು ಕಣಮ್ಮಾ!"

ಜನ ಸೇರಿದರು. ಇವರಿಗೆ ಕೋಪ ಬಂದರೆ ತೆಲುಗು. "ನೇನು ಲೇವನು!" ಎಂದು ಕುರ್ಚಿಯ ಕೈ ಹಿಡಿದುಕೊಂಡು, ಏಳುವುದಿಲ್ಲವೆಂದು ಹಟ ಹಿಡಿದರು.

"ಏಳ್ರೀ, ಮರ್ಯಾದೆ ಹೋಯ್ತದೆ! ನಿಮ್ಜೊತೆ ಎಲ್ಲಿಗ್ ಬಂದ್ರೂ ಇದೇ ಗೋಳು!" ಎಂದು ಎಲ್ಲರೆದುರಿಗೇ ಗದರಿಬಿಟ್ಟೆ.

ಅವರು ತಣ್ಣಗಾದರು. ಎದ್ದು, ಆ ಹೆಣ್ಣುಮಗಳನ್ನು ಪಕ್ಕಕ್ಕೆ ಕರೆದು ಏನೋ ಪಿಸುಗುಟ್ಟಿದರು. ನನಗೆ ಕೇಳಿಸಲಿಲ್ಲ. ಆಕೆ ಬಂದು ನನ್ನ ಕೈ ಹಿಡಿದು ಅದೇ ಸೀಟಿನಲ್ಲಿ ಕೂರಿಸಿದರು.

"ಒಂದು ಸೀಟು ಹೊಂದಿಸ್ತೀನಮ್ಮಾ. ಈ ತುದೀಲಿ ಕೂತರೆ ವೀಣೆ ನಿಮ್ಮ ಬಲಗಿವಿ ಕಡೆಗೆ ಬರುತ್ತಂತೆ. ತಿಂಗಳುಗಟ್ಟಲೆ ಹುಡುಕಿ ಈ ಕಛೇರಿ ಗೊತ್ತುಮಾಡಿದರಂತೆ. ನಿಮಗೆ ಮಾತ್ರ ಹೇಳಬೇಡ ಅಂದ್ರು."

ಎರಡು ವರ್ಷದಿಂದ ಬಸ್ಸಿನಲ್ಲಿ, ಊಟದ ಪಂಕ್ತಿಯಲ್ಲಿ, ಇವರು ನನ್ನ ಬಲಕ್ಕೇ ಕೂರುತ್ತಿದ್ದರಲ್ಲ! ಅದನ್ನೂ ಒಂದು ಹುಚ್ಚು ಎಂದುಕೊಂಡಿದ್ದೆ ನಾನು. ಗದರಿದ್ದಕ್ಕೆ ಬಹಳ ನಾಚಿಕೆಯಾಯಿತು.

ವೇದಿಕೆಯ ಮೇಲೆ ವೀಣೆಗೆ ಶ್ರುತಿ ಮಾಡತೊಡಗಿದರು. ತಂತಿಯ ಒಂದೊಂದು ಮೀಟೂ ಸ್ಪಷ್ಟವಾಗಿ ಕೇಳಿಸಿತು. ಹಿಂತಿರುಗಿ ನೋಡಿದೆ. ಕೊನೆಯ ಸಾಲಿನಲ್ಲಿ ಅವರು ಎದ್ದು ನಿಂತು, ತಲೆಗಳ ನಡುವೆ ನನ್ನನ್ನೇ ಹುಡುಕುತ್ತಿದ್ದರು. ಕಣ್ಣು ಕೂಡಿದ ಕೂಡಲೇ ತಮ್ಮ ಕಿವಿ ಮುಟ್ಟಿಕೊಂಡು, ಕೇಳಿಸ್ತಾ ಎಂದು ಕೈಯಾಡಿಸಿದರು. ನನಗೆ ಅಳು ಬಂದುಬಿಟ್ಟಿತು. ಕೇಳಿಸ್ತು ಎಂದು ತಲೆಯಾಡಿಸಿದೆ. ಆಮೇಲೆಯೇ ಅವರು ಕೂತದ್ದು.